ಕಾಳಿಂಗ ಸರ್ಪ: ಗುರುತಿಸುವುದು ಹೇಗೆ, ಹೆಸರು ಬದಲಾದದ್ದು ಯಾಕೆ? ಪದೇ ಪದೇ ಕೇಳುವ ಪ್ರಶ್ನೆಗಳು

ಮಲೆನಾಡಿನಲ್ಲಿ ಹಾವಿನ ಮಾತು ಎಲ್ಲಿಂದ ಶುರುವಾದರೂ ಕೊನೆಗೆ ಕಾಳಿಂಗಕ್ಕೇ ಬಂದು ನಿಲ್ಲುತ್ತದೆ. ನನ್ನನ್ನು ಕೇಳುವ ಪ್ರಶ್ನೆಗಳಲ್ಲೂ ಅರ್ಧಕ್ಕರ್ಧ ಅದರದ್ದೇ. 2024ರಲ್ಲಿ ಅದಕ್ಕೆ ಹೊಸ ಹೆಸರು ಬಂದ ಮೇಲಂತೂ ಕೇಳುವವರು ಜಾಸ್ತಿಯಾದರು. ಒಬ್ಬೊಬ್ಬರಿಗೂ ಹೇಳಿದ್ದನ್ನೇ ಹೇಳುವ ಬದಲು ಎಲ್ಲವನ್ನೂ ಇಲ್ಲಿ ಬರೆದಿಟ್ಟಿದ್ದೇನೆ. ನಾನು ವಿಜ್ಞಾನಿ ಅಲ್ಲ. ಹಾವು ನೋಡುವ, ಪೊರೆ ಸಿಕ್ಕರೆ ಕೂತು ಹುರುಪೆ ಎಣಿಸುವ ಹುಚ್ಚು ಹಿಡಿಸಿಕೊಂಡವನು, ಅಷ್ಟೇ.

ಕಾಳಿಂಗಕ್ಕೆ ಹೊಸ ಹೆಸರು ಬಂದಿದೆಯಂತೆ, ನಿಜಾನಾ?

ನಿಜ. ಪಶ್ಚಿಮ ಘಟ್ಟದ ಕಾಳಿಂಗಕ್ಕೆ ಈಗಿರುವ ವೈಜ್ಞಾನಿಕ ಹೆಸರು ಓಫಿಯೋಫೇಗಸ್ ಕಾಳಿಂಗ. ನಾವು ಕರೆಯುವ ಹೆಸರನ್ನೇ ಎತ್ತಿಕೊಂಡು ಇಟ್ಟಿದ್ದಾರೆ. ಓಫಿಯೋಫೇಗಸ್ ಅಂದರೆ ಗ್ರೀಕಿನಲ್ಲಿ ಹಾವು ತಿನ್ನುವಂಥದ್ದು ಅಂತ. ಕೆಲಸಕ್ಕೆ ತಕ್ಕ ಹೆಸರು.

ಅದಕ್ಕೂ ಮೊದಲು ಭಾರತದಿಂದ ಫಿಲಿಪ್ಪೀನ್ಸ್‌ವರೆಗೆ ಎಲ್ಲಿ ಕಾಳಿಂಗ ಸಿಕ್ಕಿದರೂ ಓಫಿಯೋಫೇಗಸ್ ಹನ್ನಾ ಅಂತ ಒಂದೇ ಹೆಸರು. ಅದು ಒಂದಲ್ಲ, ನಾಲ್ಕು ಪ್ರಭೇದ ಅಂತ ಯುರೋಪಿಯನ್ ಜರ್ನಲ್ ಆಫ್ ಟ್ಯಾಕ್ಸಾನಮಿಯಲ್ಲಿ 2024ರಲ್ಲಿ ಪ್ರಕಟವಾಯಿತು. ಇಂದ್ರನೀಲ್ ದಾಸ್, ಆಗುಂಬೆಯಲ್ಲಿ ಕಾಳಿಂಗದ ಬೆನ್ನು ಹತ್ತಿದ ಪಿ. ಗೌರಿ ಶಂಕರ್, ಬ್ರಿಟನ್ನಿನ ವುಲ್ಫ್‌ಗ್ಯಾಂಗ್ ವೂಸ್ಟರ್ ಹೀಗೆ ಹಲವರು ಸೇರಿ ಮಾಡಿದ ಕೆಲಸ ಅದು.

ನಾಲ್ಕು ಅಂದ್ರೆ ಯಾವ್ಯಾವುದು?

ಒಂದು ನಮ್ಮದು, ಪಶ್ಚಿಮ ಘಟ್ಟದ್ದು. ಇನ್ನೊಂದು ಹನ್ನಾ: ಹಿಮಾಲಯದ ತಪ್ಪಲು, ಪೂರ್ವ ಭಾರತ, ಮ್ಯಾನ್ಮಾರ್, ಅಲ್ಲಿಂದ ಮುಂದೆ ಥಾಯ್ಲೆಂಡ್‌ವರೆಗೆ. ಮೂರನೆಯದು ಬಂಗಾರಸ್. ಮಲಯ ಪರ್ಯಾಯ ದ್ವೀಪ, ಸುಮಾತ್ರಾ, ಬೋರ್ನಿಯೋ, ಜಾವಾ ಕಡೆಯದು. ನಾಲ್ಕನೆಯದು ಸಾಲ್ವಟಾನಾ. ಅದು ಫಿಲಿಪ್ಪೀನ್ಸಿನ ಲೂಝಾನ್ ದ್ವೀಪದ್ದು.

ಒಂದು ವಿಷಯ ಗಮನಿಸಿ. ಒಡಿಶಾದ ಕಾಡಲ್ಲಿ ಸಿಗುವ ಕಾಳಿಂಗ ನಮ್ಮ ಕಾಳಿಂಗದ ಪ್ರಭೇದ ಅಲ್ಲ, ಅದು ಹನ್ನಾ. ನಡುವೆ ಒಣ ಬಯಲುಸೀಮೆ ಅಡ್ಡ ಬಿದ್ದಿದೆಯಲ್ಲ. ತೇವದ ಕಾಡು ಬಿಟ್ಟು ಬದುಕದ ಹಾವಿಗೆ ಅದನ್ನು ದಾಟುವುದು ಸಮುದ್ರ ದಾಟಿದ ಹಾಗೆ.

ಹಾಗಾದ್ರೆ ಹಳೆ ಪುಸ್ತಕದಲ್ಲಿ ಇರೋದೆಲ್ಲ ತಪ್ಪಾ?

ತಪ್ಪಲ್ಲ, ಹಳತು. 2024ಕ್ಕಿಂತ ಹಿಂದಿನ ಪುಸ್ತಕದಲ್ಲಿ ಹನ್ನಾ ಅಂತ ಇದ್ದು, ಜಾಗ ಆಗುಂಬೆ, ಕೊಡಗು, ವಯನಾಡು ಅಂತಿದ್ದರೆ ಅದನ್ನು ಕಾಳಿಂಗ ಅಂತ ಓದಿಕೊಳ್ಳಿ. ಜಾಗದ ಹೆಸರೇ ಇಲ್ಲದಿದ್ದರೆ ಮಾತ್ರ ತೊಂದರೆ.

ಕಾಡಲ್ಲಿ ಎದುರಿಗೆ ಬಂದರೆ ಇದು ಕಾಳಿಂಗವೇ ಅಂತ ಗೊತ್ತಾಗೋದು ಹೇಗೆ?

ಮೊದಲು ಯಾವುದನ್ನು ನಂಬಬಾರದು ಅಂತ ಹೇಳಿಬಿಡುತ್ತೇನೆ. ಉದ್ದವನ್ನು ನಂಬಬೇಡಿ, ಬಣ್ಣವನ್ನೂ ನಂಬಬೇಡಿ. ಎಲ್ಲಕ್ಕಿಂತ ಜಾಸ್ತಿ, ನಿಮ್ಮ ಎದೆಬಡಿತವನ್ನು ನಂಬಬೇಡಿ. ಹೆದರಿದವರ ಕಣ್ಣಿಗೆ ಆರಡಿಯ ಕೇರೆ ಹದಿನೈದು ಅಡಿಯ ಕಾಳಿಂಗವಾಗುತ್ತದೆ. ನಾನೇ ಒಮ್ಮೆ ತೋಟದ ಅಗಳಿನಲ್ಲಿ ಹೋದ ಕೇರೆಯನ್ನು ಕಾಳಿಂಗ ಅಂತ ಊರಿಗೆಲ್ಲ ಹೇಳಿ, ಫೋಟೋ ದೊಡ್ಡದು ಮಾಡಿ ನೋಡಿದ ಮೇಲೆ ಮುಖ ಮುಚ್ಚಿಕೊಂಡಿದ್ದೇನೆ.

ದೂರದಿಂದ ನೋಡಬೇಕಾದದ್ದು ಮೂರು. ಒಂದು, ಮೈಮೇಲಿನ ಪಟ್ಟೆ. ದೊಡ್ಡ ಕಾಳಿಂಗದ ಮೈ ಕಪ್ಪು, ಕಂದು ಅಥವಾ ಆಲಿವ್ ಬಣ್ಣ. ಅದರ ಮೇಲೆ ಅಡ್ಡಡ್ಡ ತೆಳು ಬಿಳಿಚು ಪಟ್ಟೆಗಳು. ಮುಂದಿನ ಅರ್ಧದಲ್ಲಿ ಅವು ಬಾಣದ ತುದಿಯ ಹಾಗೆ ಬಾಗಿರುತ್ತವೆ. ವಯಸ್ಸಾದಂತೆ ಮಾಸುತ್ತವೆ. ಎರಡು, ಹೆಡೆ. ನಾಗರಹಾವಿನ ಹೆಡೆ ಅಗಲ, ದುಂಡಗೆ. ಕಾಳಿಂಗದ ಹೆಡೆ ಕಿರಿದು, ಉದ್ದ, ಹೆಡೆ ಬಿಚ್ಚಿದೆಯೋ ಇಲ್ಲವೋ ಅಂತ ಅನುಮಾನ ಬರುವಷ್ಟು. ಹೆಡೆಯ ಹಿಂದೆ ಕನ್ನಡಕದ ಗುರುತು ಇರುವುದಿಲ್ಲ. ಮೂರು, ಎತ್ತರ. ಎದುರು ನಿಂತಾಗ ಮೈಯ ಮೂರನೇ ಒಂದು ಭಾಗವನ್ನು ನೆಲದಿಂದ ಎತ್ತಬಲ್ಲದು. ಆ ಎತ್ತರದಲ್ಲೇ ಮುಂದಕ್ಕೂ ಸರಿಯಬಲ್ಲದು. ಅದನ್ನು ಒಮ್ಮೆ ಕಂಡವರು ಮರೆಯುವುದಿಲ್ಲ.

ಇಷ್ಟಾದರೂ ಇದೆಲ್ಲ ಅಂದಾಜು. ಖಾತ್ರಿ ಬೇಕಿದ್ದರೆ ತಲೆಯ ಹಿಂಭಾಗದ ಎರಡು ಹುರುಪೆ ಕಾಣಬೇಕು.

ಯಾವುದು ಆ ಎರಡು ಹುರುಪೆ?

ಎಷ್ಟೋ ಹಾವುಗಳ ತಲೆಯ ಮೇಲೆ ಮೈಮೇಲಿರುವಂಥ ಸಣ್ಣ ಹುರುಪೆಗಳಿರುವುದಿಲ್ಲ. ಕೇರೆ, ನಾಗರ, ಕಾಳಿಂಗ ಇಂಥವುಗಳ ತಲೆಮೇಲೆ ದೊಡ್ಡ ದೊಡ್ಡ ಬಿಲ್ಲೆಗಳಿರುತ್ತವೆ. ಮೂಗಿನ ಕಡೆಯಿಂದ ಎಣಿಸಿದರೆ ಜೋಡಿ, ಜೋಡಿ, ನಡುವೆ ಒಂಟಿ, ಅದರ ಎರಡು ಪಕ್ಕ ಕಣ್ಣಿನ ಮೇಲೆ ಒಂದೊಂದು, ಕೊನೆಗೆ ದೊಡ್ಡ ಜೋಡಿ. ಒಟ್ಟು ಒಂಬತ್ತು. ಹೆಚ್ಚಿನ ಹಾವುಗಳಲ್ಲಿ ಅಲ್ಲಿಗೆ ಮುಗಿಯಿತು, ಆಮೇಲೆ ಕತ್ತಿನ ಸಣ್ಣ ಹುರುಪೆಗಳು.

ಕಾಳಿಂಗದಲ್ಲಿ ಮುಗಿಯುವುದಿಲ್ಲ. ಆ ಕೊನೆಯ ಜೋಡಿಯ ಹಿಂದೆ ಇನ್ನೊಂದು ದೊಡ್ಡ ಜೋಡಿ, ಒಂದಕ್ಕೊಂದು ಅಂಟಿಕೊಂಡು ಕೂತಿರುತ್ತದೆ. ತಲೆಹಿಂದಿನ ಬಿಲ್ಲೆಗಳು ಅಂತ ಕರೆಯೋಣ. ಒಟ್ಟು ಹನ್ನೊಂದಾಯಿತು. ನಾಗರಹಾವಿಗೆ ಇದಿಲ್ಲ, ಕೇರೆಗೂ ಇಲ್ಲ. ಮರಿಯಾಗಲಿ ಮುದಿಯಾಗಲಿ, ಪಟ್ಟೆ ಇರಲಿ ಇಲ್ಲದಿರಲಿ, ಈ ಜೋಡಿ ಕಾಣಿಸಿದರೆ ವಾದ ಮುಗಿಯಿತು.

ಇದನ್ನು ನೋಡಲು ಹಾವಿನ ಹತ್ತಿರ ಹೋಗಬೇಡಿ ಅಂತ ಹೇಳಬೇಕಿಲ್ಲ ಅಲ್ವಾ? ಜೂಮ್ ಇರುವ ಕ್ಯಾಮೆರಾ ಬೇಕು. ಇಲ್ಲದಿದ್ದರೆ ಪೊರೆ ಸಿಗಬೇಕು.

ಪೊರೆ ಸಿಕ್ಕಿದೆ. ಅದನ್ನು ನೋಡಿ ಹಾವು ಯಾವುದು ಅಂತ ಹೇಳಬಹುದಾ?

ಹೇಳಬಹುದು. ನನಗೆ ಇದಕ್ಕಿಂತ ಖುಷಿಯ ಕೆಲಸ ಇನ್ನೊಂದಿಲ್ಲ. ಹಾವಿಗೆ ತೊಂದರೆ ಇಲ್ಲ, ನಮಗೆ ಭಯ ಇಲ್ಲ, ಸಮಯ ಬೇಕಾದಷ್ಟಿದೆ.

ಒಂದು ಮಳೆಗಾಲದ ಮುಂಚೆ ಕೊಟ್ಟಿಗೆಯ ಹಿಂದೆ ಪೇರಿಸಿಟ್ಟ ಸೌದೆಯ ಸಂದಿಯಲ್ಲಿ ಇಡೀ ಪೊರೆ ಸಿಕ್ಕಿತು. ಅಳೆದರೆ ಹನ್ನೊಂದು ಅಡಿ ಚಿಲ್ಲರೆ. ಪಕ್ಕದ ಮನೆಯವರು ಕೇರೆ ಅಂದರು. ಕೆಲಸಕ್ಕೆ ಬಂದವರು ಹೆಬ್ಬಾವು ಅಂದರು. ಪೊರೆಯನ್ನು ಬಕೆಟ್ ನೀರಲ್ಲಿ ಹತ್ತು ನಿಮಿಷ ನೆನೆಸಿ, ಜಗಲಿಯ ಮೇಲೆ ಹಾಸಿದೆ. ಒಣಗಿದ್ದಾಗ ಮುಟ್ಟಿದರೆ ಪುಡಿಯಾಗುವಂತಿದ್ದದ್ದು ನೆನೆದ ಮೇಲೆ ಒದ್ದೆ ಪ್ಲಾಸ್ಟಿಕ್ಕಿನ ಹಾಗೆ ಮೆದುವಾಯಿತು. ತಲೆಯ ಭಾಗ ಸ್ವಲ್ಪ ಹರಿದಿತ್ತು. ಬೆರಳಲ್ಲಿ ಬಿಡಿಸಿ ಬೆಳಕಿಗೆ ಹಿಡಿದೆ. ಕಣ್ಣಿನ ಜಾಗದಲ್ಲಿ ಎರಡು ದುಂಡು ಗಾಜಿನಂಥ ಮುಚ್ಚಳ. ಅದರ ಹಿಂದೆ ದೊಡ್ಡ ಜೋಡಿ ಬಿಲ್ಲೆ, ಅದರ ಹಿಂದೆ ಇನ್ನೊಂದು ಜೋಡಿ. ಪಕ್ಕದ ಮನೆಯವರು ಆಮೇಲೆ ಸೌದೆ ತರಲು ಒಬ್ಬರೇ ಹೋಗಲಿಲ್ಲ.

ನೀವೂ ಮಾಡುವುದಾದರೆ ಹೀಗೆ ಮಾಡಿ.

ತಲೆಯ ಭಾಗ ಇದ್ದರೆ ಮೊದಲು ತಲೆ ನೋಡಿ. ಇಲ್ಲದಿದ್ದರೆ ಮೈಯ ನಡುಭಾಗದಲ್ಲಿ ಅಡ್ಡಸಾಲಿನ ಹುರುಪೆ ಎಣಿಸಿ. ಹೊಟ್ಟೆಯ ಅಗಲ ಹುರುಪೆಯನ್ನು ಬಿಟ್ಟು, ಒಂದು ಬದಿಯಿಂದ ಓರೆಯಾಗಿ ಬೆನ್ನಿನ ಮೇಲಕ್ಕೆ ಹತ್ತಿ, ಹಾಗೇ ಇನ್ನೊಂದು ಬದಿಗೆ ಇಳಿಯಬೇಕು. ಕಾಳಿಂಗಕ್ಕೆ 15 ಬರುತ್ತದೆ. ಕೇರೆಗೆ ಸಾಮಾನ್ಯವಾಗಿ 17. ನಾಗರಹಾವಿಗೆ 20 ದಾಟುತ್ತದೆ. ಹೆಬ್ಬಾವಿಗೆ ಎಣಿಸಲು ಕೂರಬೇಡಿ, 60ರ ಮೇಲೆ ಹೋಗುತ್ತದೆ. ಕತ್ತಿನ ಹತ್ತಿರ ಎಣಿಸಿದರೆ ಕಾಳಿಂಗಕ್ಕೂ ಜಾಸ್ತಿ ಬರುತ್ತದೆ, ಅದಕ್ಕೇ ನಡುಭಾಗ ಅಂದದ್ದು.

ಬಾಲದ ಅಡಿಭಾಗವನ್ನೂ ನೋಡಿ. ಕಾಳಿಂಗದ ಬಾಲದ ಅಡಿಯಲ್ಲಿ ಮುಂದಿನ ಕೆಲವು ಹುರುಪೆಗಳು ಸಾಮಾನ್ಯವಾಗಿ ಒಂಟಿ, ಆಮೇಲೆ ಜೋಡಿ. ಕೇರೆಗೂ ನಾಗರಕ್ಕೂ ಜೋಡಿಯೇ. ಕಟ್ಟುಹಾವಿಗೆ ಒಂಟಿಯೇ.

ಪೊರೆಯ ಉದ್ದ ನೋಡಿ ಹಾವಿನ ಉದ್ದ ಹೇಳಬೇಡಿ. ಕಳಚುವಾಗ ಪೊರೆ ಹಿಗ್ಗುತ್ತದೆ. ನನ್ನ ಹನ್ನೊಂದು ಅಡಿ ಪೊರೆಯ ಒಡೆಯ ಬಹುಶಃ ಒಂಬತ್ತೋ ಹತ್ತೋ ಅಡಿ ಇದ್ದಿರಬೇಕು.

ಕೇರೆಗೂ ಕಾಳಿಂಗಕ್ಕೂ ಜನ ಯಾಕೆ ಅಷ್ಟು ಗೊಂದಲ ಮಾಡಿಕೊಳ್ತಾರೆ?

ಎರಡೂ ಉದ್ದ, ಎರಡೂ ಹಗಲಲ್ಲಿ ಓಡಾಡುತ್ತವೆ, ಎರಡೂ ತೋಟಕ್ಕೆ ಬರುತ್ತವೆ. ಒಂದು ಮತ್ತೊಂದನ್ನು ತಿನ್ನಲಿಕ್ಕೇ ಬರುತ್ತದೆ ಅನ್ನುವುದು ಬೇರೆ ಮಾತು. ಕೇರೆ ಕಾಳಿಂಗದ ಇಷ್ಟದ ಊಟ.

ಕೇರೆಯ ಕಣ್ಣು ಮುಖಕ್ಕೆ ಹೋಲಿಸಿದರೆ ದೊಡ್ಡದು. ತುಟಿಯ ಹುರುಪೆಗಳ ನಡುವೆ ಕಪ್ಪು ಗೆರೆ ಎಳೆದಂತಿರುತ್ತದೆ. ಹೆದರಿದಾಗ ಕತ್ತನ್ನು ಎತ್ತಿ ಉಬ್ಬಿಸುತ್ತದೆ, ಆದರೆ ಆ ಉಬ್ಬು ಮೇಲೆ ಕೆಳಗೆ. ಕಾಳಿಂಗ, ನಾಗರ ಕತ್ತನ್ನು ಎಡಬಲಕ್ಕೆ ಅಗಲಿಸುತ್ತವೆ. ಇದೊಂದು ವ್ಯತ್ಯಾಸ ತಿಳಿದಿದ್ದರೆ ಎಷ್ಟೋ ಕೇರೆಗಳ ಜೀವ ಉಳಿಯುತ್ತದೆ.

ಫೋಟೋ ಚೆನ್ನಾಗಿದ್ದರೆ ಕೆನ್ನೆ ನೋಡಿ. ಮೂಗಿನ ಹುರುಪೆಗೂ ಕಣ್ಣಿನ ಮುಂದಿನ ಹುರುಪೆಗೂ ನಡುವೆ ಕೇರೆಗೆ ಎರಡು ಮೂರು ಸಣ್ಣ ಹುರುಪೆ ಇರುತ್ತವೆ. ಕಾಳಿಂಗಕ್ಕೆ, ನಾಗರಕ್ಕೆ, ಕಟ್ಟುಹಾವಿಗೆ ಅಲ್ಲಿ ಏನೂ ಇಲ್ಲ, ಎರಡೂ ನೇರ ತಾಗಿಕೊಂಡಿರುತ್ತವೆ.

ಕೇರೆ ಗಂಡು, ನಾಗರ ಹೆಣ್ಣು ಅಂತಾರಲ್ಲ?

ಸುಮ್ನೆ ಹೇಳುವ ಮಾತು. ಕೇರೆಯಲ್ಲೂ ಗಂಡು ಹೆಣ್ಣಿದೆ, ನಾಗರದಲ್ಲೂ ಇದೆ, ಕಾಳಿಂಗದಲ್ಲೂ ಇದೆ. ಎರಡು ಹಾವು ಹೆಣೆದುಕೊಂಡು ಎದ್ದು ನಿಂತದ್ದನ್ನು ಕಂಡರೆ ಅದು ಬಹುಪಾಲು ಮಿಲನವಲ್ಲ, ಎರಡು ಗಂಡುಗಳ ಕುಸ್ತಿ. ಒಂದು ಇನ್ನೊಂದರ ತಲೆಯನ್ನು ನೆಲಕ್ಕೆ ಒತ್ತುವವರೆಗೆ ನಡೆಯುತ್ತದೆ.

ಕಾಳಿಂಗದ ಮರಿ ಹೇಗಿರುತ್ತೆ?

ಅಪ್ಪ ಅಮ್ಮನ ಹಾಗಂತೂ ಇರುವುದಿಲ್ಲ. ಅಚ್ಚ ಕಪ್ಪು ಮೈ, ಅದರ ಮೇಲೆ ಎದ್ದು ಕಾಣುವ ಬಿಳಿ ಅಥವಾ ಹಳದಿ ಪಟ್ಟೆ. ಮೊಟ್ಟೆಯಿಂದ ಬಂದಾಗಲೇ ಅರ್ಧ ಮೀಟರ್ ಹತ್ತಿರ ಇರುತ್ತದೆ. ಜನ ಕಟ್ಟುಹಾವು ಅಂದುಕೊಳ್ಳುತ್ತಾರೆ. ಕಟ್ಟುಹಾವಿನ ಬೆನ್ನುಹುರಿಯ ಉದ್ದಕ್ಕೂ ಇರುವ ಹುರುಪೆ ಆರು ಮೂಲೆಯದು, ಪಕ್ಕದವಕ್ಕಿಂತ ದೊಡ್ಡದು. ಪಟ್ಟೆಗಳೂ ಸಾಮಾನ್ಯವಾಗಿ ಕತ್ತಿನ ಹತ್ತಿರ ಮಾಯವಾಗಿರುತ್ತವೆ. ಕಾಳಿಂಗದ ಮರಿಗೆ ತಲೆಯ ಮೇಲೂ ಪಟ್ಟೆ ಇರುತ್ತದೆ. ವ್ಯತ್ಯಾಸ ಗೊತ್ತಾಯಿತು ಅಂತ ಯಾವುದನ್ನೂ ಕೈಯಲ್ಲಿ ಹಿಡಿಯಬೇಡಿ. ಎರಡಕ್ಕೂ ವಿಷ ಇದೆ, ಮರಿಗೂ ಇದೆ.

ನಮ್ಮ ಕಾಳಿಂಗವನ್ನು ಉಳಿದ ಮೂರರಿಂದ ಬೇರೆ ಮಾಡೋದು ಹೇಗೆ?

ಜಾಗ ಗೊತ್ತಿದ್ದರೆ ಅರ್ಧ ಕೆಲಸ ಆದಂತೆ, ಯಾಕಂದರೆ ಪಶ್ಚಿಮ ಘಟ್ಟದಲ್ಲಿ ಇರುವುದು ಇದೊಂದೇ. ಜಾಗ ಗೊತ್ತಿಲ್ಲದಿದ್ದರೆ ಪಟ್ಟೆ ಎಣಿಸಬೇಕು. ನಮ್ಮ ಕಾಳಿಂಗದ ಮೈಮೇಲೆ ಬಿಳಿಚು ಪಟ್ಟೆ 40 ಅಥವಾ ಅದಕ್ಕಿಂತ ಕಡಿಮೆ, ಪಟ್ಟೆಗೆ ಕಪ್ಪು ಅಂಚಿಲ್ಲ. ಹನ್ನಾದ ಪಟ್ಟೆಗಳಿಗೆ ಕಪ್ಪು ಅಂಚು ಇರುತ್ತದೆ, ಸೀರೆಗೆ ಅಂಚು ಹೊಲಿದ ಹಾಗೆ. ಬಂಗಾರಸ್ ಬೆಳೆದ ಮೇಲೆ ಪಟ್ಟೆಯೇ ಇಲ್ಲದೆ ಬೋಳಾಗಿರುವುದೂ ಉಂಟು. ಸಾಲ್ವಟಾನಾದಲ್ಲಿ ಪಟ್ಟೆ ಇದ್ದರೆ ತುಂಬಾ ಚೂಪಾಗಿ ಮಡಚಿದಂತಿರುತ್ತದೆ.

ಹಲ್ಲು, ಹುರುಪೆ ಅಂತ ಇನ್ನೂ ಕೆಲವು ಲೆಕ್ಕಗಳಿವೆ. ಅವು ಮ್ಯೂಸಿಯಂನಲ್ಲಿ ಸ್ಪಿರಿಟ್ ಬಾಟಲಿ ತೆಗೆದು ಕೂರುವವರ ಕೆಲಸ.

ಪಟ್ಟೆಗೆ ಅಂಚಿಲ್ಲ ಅಂತ ಬೇರೆ ಪ್ರಭೇದ ಮಾಡಿಬಿಡ್ತಾರಾ? ಮನುಷ್ಯರಲ್ಲೂ ಬಣ್ಣ ಬೇರೆ ಇರುತ್ತಲ್ಲ!

ಒಳ್ಳೆಯ ಪ್ರಶ್ನೆ. ಬರೀ ಬಣ್ಣ ನೋಡಿ ಹೆಸರಿಟ್ಟ ಕಾಲವೂ ಇತ್ತು. ಹಾಗೆ ಇಟ್ಟ ಎಷ್ಟೋ ಹೆಸರುಗಳು ಆಮೇಲೆ ಕಸದ ಬುಟ್ಟಿಗೆ ಹೋದವು. ನಾಗರಹಾವನ್ನೇ ನೋಡಿ, ಒಂದೇ ತಾಲೂಕಿನಲ್ಲಿ ಕಪ್ಪು, ಕಂದು, ಗೋಧಿ ಬಣ್ಣ ಎಲ್ಲ ಸಿಗುತ್ತವೆ. ಎಲ್ಲ ಒಂದೇ ಪ್ರಭೇದ.

ಈಗ ಕೇಳುವುದು ಒಂದು ಸಾಕ್ಷಿಯನ್ನಲ್ಲ. ಬೇರೆ ಬೇರೆ ಕಡೆಯಿಂದ ಬಂದ ಸಾಕ್ಷಿಗಳು ಒಂದೇ ಮಾತು ಹೇಳುತ್ತವೆಯಾ ಅಂತ ನೋಡುತ್ತಾರೆ. ಕಾಳಿಂಗದ ವಿಷಯದಲ್ಲಿ ಡಿಎನ್‌ಎ ಮೊದಲು ಮಾತಾಡಿತು. 2021ರಲ್ಲಿ ಬಂದ ಅಧ್ಯಯನದಲ್ಲಿ ನಾಲ್ಕು ಕವಲುಗಳು ಸ್ಪಷ್ಟವಾಗಿ ಬೇರೆಯಾಗಿ ಕಂಡವು. ಕವಲುಗಳ ನಡುವಿನ ಅಂತರ ಶೇಕಡಾ 1ರಿಂದ 4. ಕೇಳಲು ಸಣ್ಣದು. ಆದರೆ ಒಂದು ಕವಲಿನ ಹಾವುಗಳೆಲ್ಲ ಒಂದು ಕಡೆ, ಇನ್ನೊಂದರವು ಇನ್ನೊಂದು ಕಡೆ ನಿಂತವು. ಕಲಬೆರಕೆ ಕಾಣಲಿಲ್ಲ. ಅಂದರೆ ಅವು ಬಹಳ ಕಾಲದಿಂದ ಒಂದರೊಡನೊಂದು ಕೂಡಿಲ್ಲ.

ಆದರೂ ಆಗಲೇ ಹೆಸರಿಡಲಿಲ್ಲ. ನನಗೆ ಮೆಚ್ಚುಗೆಯಾದದ್ದು ಇದೇ. ಡಿಎನ್‌ಎ ಹೇಳಿದ್ದು ಮೈಮೇಲೂ ಕಾಣುತ್ತದೆಯಾ ಅಂತ ಮತ್ತೆ ಹುಡುಕಿದರು. ಸಂಗ್ರಹಾಲಯಗಳಲ್ಲಿದ್ದ ಹಳೆಯ ಮಾದರಿಗಳನ್ನು ತೆಗೆದು ಹುರುಪೆ, ಪಟ್ಟೆ, ಹಲ್ಲು ಎಣಿಸಿದರು. ಎರಡೂ ಲೆಕ್ಕ ತಾಳೆಯಾದ ಮೇಲೆ, ಮೂರು ವರ್ಷ ಕಳೆದು ಹೆಸರು ಬಂತು. ನನ್ನ ಜಗಲಿಯ ಮೇಲೆ ನಡೆದದ್ದೂ ಅದೇ ಕೆಲಸ. ನಾನು ಎಣಿಸಿದ್ದು ಒಂದು ಪೊರೆ, ಅಷ್ಟೇ ವ್ಯತ್ಯಾಸ.

ಡಿಎನ್‌ಎಗಾಗಿ ಹಾವನ್ನು ಕೊಲ್ಲಬೇಕಿಲ್ಲ. ಪೊರೆಯ ಚೂರು, ಹುರುಪೆಯ ಚೂರು, ರಸ್ತೆಯಲ್ಲಿ ಚಕ್ರಕ್ಕೆ ಸಿಕ್ಕಿ ಸತ್ತ ಹಾವು, ಇಷ್ಟು ಸಾಕು.

ಒಂದು ಪ್ರಭೇದ ನಾಲ್ಕಾದಾಗ ಹಳೆ ಹೆಸರು ಯಾರಿಗೆ ಉಳಿಯುತ್ತೆ?

ಮನೆ ಪಾಲಾದ ಹಾಗೇ ಇದು. ಹಿರಿಯ ಹೆಸರು ಯಾರಿಗೆ ಅಂತ ಇಷ್ಟ ಬಂದ ಹಾಗೆ ತೀರ್ಮಾನ ಮಾಡುವಂತಿಲ್ಲ, ಅದಕ್ಕೆ ಅಂತರರಾಷ್ಟ್ರೀಯ ನಿಯಮ ಇದೆ. ಮೊದಲು ಹೆಸರಿಟ್ಟಾಗ ಯಾವ ಊರಿನ ಹಾವನ್ನು ನೋಡಿ ಇಟ್ಟರೋ, ಹೆಸರು ಆ ಊರಿನ ಹಾವಿಗೆ ಸೇರುತ್ತದೆ.

ಹನ್ನಾ ಅಂತ ಹೆಸರಿಟ್ಟವನು ಥಿಯೋಡೋರ್ ಕ್ಯಾಂಟರ್, ಡೆನ್ಮಾರ್ಕಿನ ವೈದ್ಯ, 1836ರಲ್ಲಿ. ಅವನು ನೋಡಿದ ಹಾವು ಬಂಗಾಳದ ಸುಂದರಬನದ ಕಡೆಯದು. ಹಾಗಾಗಿ ಹನ್ನಾ ಉತ್ತರದವರ ಪಾಲಾಯಿತು. ಮರುವರ್ಷವೇ, 1837ರಲ್ಲಿ, ಷ್ಲೇಗಲ್ ಅನ್ನುವವನು ಜಾವಾದ ಹಾವಿಗೆ ಬಂಗಾರಸ್ ಅಂತ ಹೆಸರಿಟ್ಟಿದ್ದ. ಎರಡೂ ಒಂದೇ ಹಾವು ಅಂತ ಆಮೇಲೆ ಆ ಹೆಸರನ್ನು ಮೂಲೆಗೆ ಹಾಕಿದ್ದರು. ಈಗ ಬೇರೆ ಅಂತಾದ ಮೇಲೆ ಅದನ್ನೇ ದೂಳು ಕೊಡವಿ ಎತ್ತಿಕೊಂಡರು. ಪಶ್ಚಿಮ ಘಟ್ಟದ ಹಾವಿಗೆ, ಲೂಝಾನ್ ಹಾವಿಗೆ ಹಳೆ ಹೆಸರು ಇರಲಿಲ್ಲ. ಹೊಸದು ಇಡಬೇಕಾಯಿತು. ಹಾಗೆ ಬಂತು ಕಾಳಿಂಗ.

ಕುಲದ ಹೆಸರಿನದ್ದು, ಅಂದರೆ ವೈಜ್ಞಾನಿಕ ಹೆಸರಿನ ಮೊದಲ ಪದದ್ದು, ಇನ್ನೊಂದು ತಮಾಷೆ. ಕ್ಯಾಂಟರ್ ಇಟ್ಟ ಪೂರ್ತಿ ಹೆಸರು ಹಮಾಡ್ರಯಾಸ್ ಹನ್ನಾ. ಆದರೆ ಹಮಾಡ್ರಯಾಸ್ ಅನ್ನುವುದನ್ನು ಅವನಿಗಿಂತ ಮೊದಲೇ ಒಂದು ಚಿಟ್ಟೆಯ ಕುಲಕ್ಕೆ ಇಟ್ಟಾಗಿತ್ತು. ಪ್ರಾಣಿಗಳಲ್ಲಿ ಎರಡು ಕುಲಕ್ಕೆ ಒಂದೇ ಹೆಸರು ಇರುವಂತಿಲ್ಲ. ಜಗತ್ತಿನ ಅತಿ ಉದ್ದದ ವಿಷದ ಹಾವು ಚಿಟ್ಟೆಗೆ ಜಾಗ ಬಿಟ್ಟುಕೊಟ್ಟಿತು. ಓಫಿಯೋಫೇಗಸ್ ಅನ್ನುವ ಕುಲದ ಹೆಸರು 1864ರಲ್ಲಿ ಗುಂಥರ್ ಇಟ್ಟದ್ದು.

ಕಾಳಿಂಗ ನಾಗರಹಾವಿನ ಜಾತಿಯೇ ಅಲ್ವಾ?

ಒಂದೇ ಕುಟುಂಬ, ಬೇರೆ ಕುಲ. ನಾಗರಹಾವು, ಕಟ್ಟುಹಾವು, ಆಫ್ರಿಕಾದ ಮಾಂಬಾ, ಸಮುದ್ರದ ಹಾವು, ಕಾಳಿಂಗ ಎಲ್ಲವೂ ಎಲಾಪಿಡೇ ಕುಟುಂಬಕ್ಕೆ ಸೇರಿದವು. ಬಾಯಿಯ ಮುಂಭಾಗದಲ್ಲಿ ಮಡಚಲು ಬಾರದ ಚಿಕ್ಕ ವಿಷದ ಹಲ್ಲು ಇವುಗಳ ಗುರುತು. ನಾಗರಹಾವು ನಾಜಾ ಕುಲ. ಹೆಡೆ ಇದೆ ಅಂತ ಕಾಳಿಂಗವನ್ನೂ ಅದರೊಳಗೆ ಸೇರಿಸಲು ಬರುವುದಿಲ್ಲ.

ಎಷ್ಟು ಉದ್ದ ಬೆಳೆಯುತ್ತೆ? ಇಪ್ಪತ್ತು ಅಡಿ ನೋಡಿದವರಿದ್ದಾರೆ.

ನೋಡಿದವರಿದ್ದಾರೆ, ಅಳೆದವರಿಲ್ಲ. ಸಾಮಾನ್ಯವಾಗಿ ಮೂರರಿಂದ ನಾಲ್ಕು ಮೀಟರ್. ದಾಖಲೆ 5.71 ಮೀಟರ್, ಅಂದರೆ ಹದಿನೆಂಟೂ ಮುಕ್ಕಾಲು ಅಡಿ. 1937ರಲ್ಲಿ ಮಲಯದ ನೆಗೆರಿ ಸೆಂಬಿಲಾನ್‌ನಲ್ಲಿ ಹಿಡಿದು ಲಂಡನ್ ಮೃಗಾಲಯಕ್ಕೆ ಒಯ್ದ ಹಾವು ಅದು. 1939ರಲ್ಲಿ ಯುದ್ಧ ಶುರುವಾದಾಗ, ಬಾಂಬು ಬಿದ್ದು ತಪ್ಪಿಸಿಕೊಂಡರೆ ಕಷ್ಟ ಅಂತ ಕೊಂದುಬಿಟ್ಟರು. ಹೊಸ ಲೆಕ್ಕದಲ್ಲಿ ಅದು ಬಂಗಾರಸ್. ಹಾಗಾಗಿ ದಾಖಲೆ ನಮ್ಮ ಕಾಳಿಂಗದ್ದಲ್ಲ.

ಅದು ನಾಯಿ ಹಾಗೆ ಗುರ್ ಅನ್ನುತ್ತೆ ಅಂತಾರೆ. ಸದ್ದು ಕೇಳಿ ಗುರುತಿಸಬಹುದಾ?

ಗುರ್ ಅನ್ನುವುದು ನಿಜ. ಬೇರೆ ಹಾವಿನ ಬುಸ್ ಅನ್ನುವ ಸದ್ದಿಗಿಂತ ಇದು ತಗ್ಗಿನ, ಎದೆಯೊಳಗಿಂದ ಬಂದಂಥ ಸದ್ದು. ಶ್ವಾಸನಾಳಕ್ಕೆ ಅಂಟಿದ ಸಣ್ಣ ಚೀಲಗಳು ಆ ಸದ್ದನ್ನು ಗುಮ್ಮೆನ್ನಿಸುತ್ತವೆ. ಆದರೆ ಕೇರೆಯೂ ಸಿಟ್ಟಾದಾಗ ಹೆಚ್ಚುಕಡಿಮೆ ಹಾಗೇ ಗುರುಗುಟ್ಟುತ್ತದೆ. ಸದ್ದು ಕೇಳಿದರೆ ಎರಡು ಹೆಜ್ಜೆ ಹಿಂದೆ ಸರಿಯಿರಿ, ಹೆಸರು ಆಮೇಲೆ ಹೇಳಿದರಾಯಿತು.

ದರಗಿನ ರಾಶಿ ಕಂಡರೆ ಅದು ಕಾಳಿಂಗದ ಗೂಡು ಅಂತ ಗೊತ್ತಾಗುತ್ತಾ?

ಮೊಟ್ಟೆಗಾಗಿ ಎಲೆ ಒಟ್ಟಿ ಗೂಡು ಕಟ್ಟುವ ಹಾವು ಇದೊಂದೇ. ಕೈಕಾಲಿಲ್ಲದ ಜೀವಿ ಮೈಯನ್ನೇ ಕೊಕ್ಕೆಯ ಹಾಗೆ ಬಾಗಿಸಿ, ಸುತ್ತಲಿನ ದರಗು, ಕಡ್ಡಿಗಳನ್ನು ಎಳೆದು ಗುಡ್ಡೆ ಹಾಕುತ್ತದೆ. ಒಳಗೆ ಮೊಟ್ಟೆ, ಮೇಲೆ ಮತ್ತಷ್ಟು ಎಲೆ, ಅದರ ಮೇಲೋ ಪಕ್ಕದಲ್ಲೋ ತಾಯಿಯ ಕಾವಲು. ನಮ್ಮ ಕಡೆ ಬೇಸಿಗೆಯಲ್ಲಿ ಗೂಡು, ಮಳೆಗಾಲದಲ್ಲಿ ಮರಿ. ಜೋರು ಮಳೆಗೂ ಒಳಗಿನ ಮೊಟ್ಟೆಗೆ ನೀರು ತಾಗದಂತೆ ಎಲೆಯ ಪದರ ಬಿಗಿಯಾಗಿರುತ್ತದೆ.

ಗಾಳಿಗೆ ಸೇರಿದ ದರಗಿನ ರಾಶಿ ಚಪ್ಪಟೆ, ಸಡಿಲ. ಗೂಡು ಗೋಪುರದ ಹಾಗೆ ಎದ್ದಿರುತ್ತದೆ, ಸುತ್ತಲಿನ ನೆಲ ಗುಡಿಸಿದಂತಿರುತ್ತದೆ. ಕೋಲು ಹಾಕಿ ಕೆದಕಿ ನೋಡುವ ಆಸೆ ಬೇಡ. ಅರಣ್ಯ ಇಲಾಖೆಗೆ ತಿಳಿಸಿ, ಆ ದಾರಿಯಲ್ಲಿ ಓಡಾಡುವುದನ್ನು ನಿಲ್ಲಿಸಿ.

ಫೋಟೋ ಕಳಿಸ್ತೀನಿ, ಯಾವ ಹಾವು ಅಂತ ಹೇಳ್ತೀರಾ? ಆ್ಯಪ್ ಹೇಳಿದ್ದನ್ನು ನಂಬಬಹುದಾ?

ಹೇಳುತ್ತೇನೆ, ಆದರೆ ಫೋಟೋ ಹೇಗಿರಬೇಕು ಅಂತ ಕೇಳಿ. ಬರುವ ಫೋಟೋಗಳಲ್ಲಿ ಮುಕ್ಕಾಲು ಪಾಲು ಹುಲ್ಲಿನದ್ದು, ಮೂಲೆಯಲ್ಲಿ ಒಂದು ಬಾಲ. ಆಗುವುದಾದರೆ ಮೂರು ಕೋನದಿಂದ ತೆಗೆಯಿರಿ: ತಲೆಯ ಮೇಲ್ಭಾಗ, ಕೆನ್ನೆಯ ಬದಿ, ನಡು ಮೈ. ದೂರದಿಂದ ಜೂಮ್ ಮಾಡಿ. ಆಗಲಿಲ್ಲವಾದರೆ ಬಿಡಿ. ಯಾವ ಊರು, ಯಾವ ತಿಂಗಳು, ಎಷ್ಟು ಹೊತ್ತಿಗೆ ಅಂತ ಬರೆಯಿರಿ, ಅದರಿಂದಲೇ ಅರ್ಧ ಗೊತ್ತಾಗುತ್ತದೆ. ಗೂಡಿನ ಸರಿಯಾದ ಜಾಗವನ್ನು ಮಾತ್ರ ಎಲ್ಲರಿಗೂ ಕಾಣುವಂತೆ ಹಾಕಬೇಡಿ. ನೋಡಲು ಜನ ಜಾತ್ರೆಗೆ ಬಂದ ಹಾಗೆ ಬರುತ್ತಾರೆ.

ಆ್ಯಪ್ ಒಂದು ಸುಳಿವು ಕೊಡುತ್ತದೆ, ತೀರ್ಪಲ್ಲ. ಇನ್ನೂ ಹಳೆ ಹೆಸರು ತೋರಿಸಿದರೆ ಗಾಬರಿಯಾಗಬೇಡಿ.

ಕಚ್ಚಿದರೆ ಯಾವ ಹಾವು ಅಂತ ಗೊತ್ತಾಗಲೇಬೇಕಾ?

ಹಾವನ್ನು ಹುಡುಕಲು ಒಂದು ನಿಮಿಷವನ್ನೂ ಹಾಳು ಮಾಡಬೇಡಿ. ಕಚ್ಚಿದ ಕೈಕಾಲನ್ನು ಅಲ್ಲಾಡದಂತೆ ಇಟ್ಟು, ಉಂಗುರ, ಬಳೆ ತೆಗೆದು, ಉಸಿರಾಟದ ಯಂತ್ರ ಇರುವ ಆಸ್ಪತ್ರೆಗೆ ಓಡಿ. ಕೊಯ್ಯುವುದು, ಬಿಗಿಯಾಗಿ ಕಟ್ಟುವುದು, ಬಾಯಲ್ಲಿ ಹೀರುವುದು ಬೇಡ.

ಕಾಳಿಂಗ ಮನುಷ್ಯರನ್ನು ಕಚ್ಚುವುದು ತುಂಬಾ ಅಪರೂಪ. ಆದರೆ ಕಚ್ಚಿದರೆ ಒಂದು ತೊಡಕಿದೆ. ನಮ್ಮ ಆಸ್ಪತ್ರೆಗಳಲ್ಲಿ ಇರುವ ವಿಷನಿರೋಧಕವನ್ನು ನಾಲ್ಕು ಹಾವಿನ ವಿಷದಿಂದ ತಯಾರಿಸುತ್ತಾರೆ: ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ. ಕಾಳಿಂಗ ಅದರಲ್ಲಿ ಇಲ್ಲ. ಕಾಳಿಂಗಕ್ಕೆ ಅಂತಲೇ ಥಾಯ್ಲೆಂಡಿನಲ್ಲಿ ಮದ್ದು ತಯಾರಾಗುತ್ತದೆ, ಅಲ್ಲಿನ ಹಾವಿನ ವಿಷದಿಂದ. ಕಾಳಿಂಗದ ವಿಷ ನರಗಳನ್ನು ಹಿಡಿದು ಉಸಿರು ನಿಲ್ಲಿಸುತ್ತದೆ. ಹಾಗಾಗಿ ಯಂತ್ರದಿಂದ ಉಸಿರಾಡಿಸಿ ಕಾಪಾಡುವುದೇ ಮುಖ್ಯ. ದೂರದಿಂದ ತೆಗೆದ ಫೋಟೋ ಆಗಲೇ ಇದ್ದರೆ ವೈದ್ಯರಿಗೆ ತೋರಿಸಿ.

ಹೆಸರು ಬದಲಾದರೆ ಹಾವಿಗೆ ಏನು ಲಾಭ?

ಮೊದಲು ಇಡೀ ಏಷ್ಯಾಕ್ಕೆ ಒಂದೇ ಕಾಳಿಂಗ. ಒಂದು ಕಡೆ ಕಾಡು ಹೋದರೂ ಇನ್ನೊಂದು ಕಡೆ ಇದೆಯಲ್ಲ ಅನ್ನಬಹುದಿತ್ತು. ಈಗ ಹಾಗೆ ಹೇಳಲು ಬರುವುದಿಲ್ಲ. ಪಶ್ಚಿಮ ಘಟ್ಟದ ಕಾಳಿಂಗ ಇಲ್ಲಿ ಹೋದರೆ ಎಲ್ಲೂ ಇಲ್ಲ. ಒಟ್ಟು ಕಾಳಿಂಗವನ್ನು ಅಪಾಯದ ಅಂಚಿನ ಪಟ್ಟಿಗೆ ಸೇರಿಸಿದ್ದು ಅದಿನ್ನೂ ಒಂದೇ ಪ್ರಭೇದ ಅಂತಿದ್ದಾಗ. ಈಗ ನಾಲ್ಕಕ್ಕೂ ಬೇರೆ ಬೇರೆ ಲೆಕ್ಕ ಹಾಕಬೇಕು. ವಿಷವನ್ನೂ ಬೇರೆ ಬೇರೆಯಾಗಿಯೇ ಪರೀಕ್ಷಿಸಬೇಕು.

ಕಾಳಿಂಗ ಅನ್ನಬೇಕಾ, ಕಾಳಿಂಗ ಸರ್ಪ ಅನ್ನಬೇಕಾ? ಲ್ಯಾಟಿನ್ ಹೆಸರನ್ನು ಹೇಳೋದು ಹೇಗೆ?

ಎರಡೂ ಸರಿ. ವೈಜ್ಞಾನಿಕ ಹೆಸರಲ್ಲಿ ಮೊದಲನೆಯದು ಕುಲ, ಎರಡನೆಯದು ಪ್ರಭೇದ. ಲ್ಯಾಟಿನ್ ಲಿಪಿಯಲ್ಲಿ ಬರೆದಾಗ 'ಳ' ಇಲ್ಲದೆ 'ಲ' ಆಗಿದೆ, ಹಾಗಾಗಿ ಹೊರಗಿನವರು ಕಾಲಿಂಗ ಅನ್ನುತ್ತಾರೆ. ನೀವು ಧೈರ್ಯವಾಗಿ ಕಾಳಿಂಗ ಅಂತಲೇ ಹೇಳಿ. ಈ ಒಂದು ಹೆಸರಿನ ಉಚ್ಚಾರಣೆಯಲ್ಲಿ ನಮ್ಮನ್ನು ತಿದ್ದುವವರು ಯಾರೂ ಇಲ್ಲ.